ಬಾತುಕೋಳಿ ಗುರುತಿನ ಕಂಪ್ಯೂಟರುಗಳು

ನಗೆಪಾಟಲು ನನ್ನನ್ನು ಹುಡುಕಿಕೊಂಡು ಬರುತ್ತಿತ್ತೋ, ಅದು ಇದ್ದ ಊರಿಗೇ ನನಗೆ ವರ್ಗ ಆಗುತ್ತಿತ್ತೋ, ರಿಟೈರ್ ಆದಮೇಲೂ ತೀರ್ಮಾನವಾಗಿಲ್ಲ. ಈಗಲೂ ಬಿಟ್ಟಿಲ್ಲ. ಮೊನ್ನೆ ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಒಬ್ಬಳು ಬಂದು ಕಾಲು ಮುಟ್ಟಿದಳು. ನನ್ನ ಹಳೇ ವಿದ್ಯಾರ್ಥಿನಿ, ಈಗ ಗೆಜ್ಜಲಗೆರೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಮನೆ, ಮಕ್ಕಳು, ನನ್ನ ಮಂಡಿನೋವು ಎಲ್ಲಾ ವಿಚಾರಿಸಿಕೊಂಡಾದ ಮೇಲೆ, “ಮಿಸ್ಸೇ, ನಮ್ಮ ಸ್ಕೂಲಿನ ಬಾತುಕೋಳಿ ಕಂಪ್ಯೂಟರು ಈಗ ಎಲ್ಲವೆ?” ಅಂದಳು.

“ನಿನ್ನ ಕೈಯಲ್ಲೇ ಇದೆ ಕಣಮ್ಮ,” ಅಂದೆ. ಅವಳು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆ ಫೋನಿನ ಹೊಟ್ಟೆಯೊಳಗೆ ಓಡುತ್ತಿರೋದೂ ಅವತ್ತು ನಾವು ಓಡಿಸುತ್ತಿದ್ದ ಲಿನಕ್ಸು ಅನ್ನೋ ಸಾಫ್ಟ್‌ವೇರಿನ ವಂಶದ್ದೇ ಅಂತ ವಿವರಿಸಿದೆ. ಒಂಚೂರೂ ನಂಬಲಿಲ್ಲ. “ಸುಮ್ಕಿರಿ ಮಿಸ್ಸೇ, ಇದು ಅಷ್ಟೊಂದು ನಿಧಾನ ಇಲ್ಲ,” ಅಂದಳು.

ಬಸ್ಸು ಬಂತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಮಂಡ್ಯ ಬರೋವರೆಗೂ ಒಬ್ಬಳೇ ನಗುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಮೆಲ್ಲಗೆ ಆಚೆ ಜರುಗಿ ಕೂತಳು.

ಅಕ್ಕಿಯೋ, ಕಂಪ್ಯೂಟರೋ

ಮದ್ದೂರಿಂದ ಮಳವಳ್ಳಿ ರಸ್ತೆ ಹಿಡಿದು ಹೋಗಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಹಳ್ಳಿ. ಅಲ್ಲಿನ ಹೈಸ್ಕೂಲಿನಲ್ಲಿ ನಾನು ಸೈನ್ಸ್ ಮಿಸ್ಸು. ಒಂದು ದಿನ ಕಬ್ಬು ಹೊಡೆಯೋ ಟ್ರ್ಯಾಕ್ಟರಿನಲ್ಲಿ, ಒಣಹುಲ್ಲಿನ ಮೇಲೆ ಮಲಗಿಕೊಂಡು ಒಂದು ಲೋಡು ಕಂಪ್ಯೂಟರು ಬಂದವು. ಯಾವುದೋ ಫ್ಯಾಕ್ಟರಿಯವರು ಹೊಸದು ತಂದುಕೊಂಡು ಹಳೇದನ್ನು ದಾನ ಮಾಡಿದ್ದರು. ಆಗಿನ ಪರದೆಗಳು ಗೊತ್ತಲ್ಲ, ಹಿಂದುಗಡೆ ಗೂನು ಬಂದ ದೊಡ್ಡ ದೊಡ್ಡ ಡಬ್ಬಗಳು. ದಾನ ಮಾಡೋ ಮುಂಚೆ ಒಳಗಿದ್ದದ್ದನ್ನೆಲ್ಲಾ ಪುಣ್ಯಾತ್ಮರು ಅಳಿಸಿಹಾಕಿದ್ದರು. ಆನ್ ಮಾಡಿದರೆ ಕರೀ ಪರದೆ, ಮೂಲೆಯಲ್ಲೊಂದು ಬಿಳಿ ಗೀಟು ಮಿಣಕ್ ಮಿಣಕ್ ಅನ್ನೋದು, ಅಷ್ಟೇ.

ಅವನ್ನು ತಂದು ಮೂಲೆ ರೂಮಿಗೆ ಇಳಿಸಿದ್ದೇ ತಡ, ಜಗಳ ಶುರುವಾಯಿತು. ಆ ರೂಮಿನ ಮೇಲೆ ಬಿಸಿಯೂಟದ ಅಡುಗೆಯಮ್ಮನಿಗೆ ಎಷ್ಟೋ ಕಾಲದಿಂದ ಕಣ್ಣು. ಅವಳ ಅಡುಗೆಮನೆಯಲ್ಲಿ ವಿಪರೀತ ಇಲಿ. ಅಕ್ಕಿ ಮೂಟೆ ಬಂದು ಇಳಿಯೋದಕ್ಕಿಲ್ಲ, ತೂತು. ಅವಳ ಮಾತೋ, ಕೊಡಲೀಲಿ ಸೌದೆ ಸೀಳಿದ ಹಾಗೆ. ಹೆಡ್‌ಮಾಸ್ಟರ ಮುಂದೆ ನಿಂತು, ಅನ್ನ ಉಣ್ಣೋ ಐಕಳು ಹೆಚ್ಚೋ, ಈ ಸತ್ತೋದ ಟಿ.ವಿ.ಗಳು ಹೆಚ್ಚೋ ಅಂತ ಕೇಳಿಯೇಬಿಟ್ಟಳು.

ಹೆಡ್‌ಮಾಸ್ಟರು ಯಾರನ್ನೂ ನೋಯಿಸದ ಮನುಷ್ಯ. ಆದ್ದರಿಂದಲೇ ಯಾವುದೂ ತೀರ್ಮಾನವಾಗುತ್ತಿರಲಿಲ್ಲ. ಆ ದಿನ ಮಾತ್ರ ತೀರ್ಪು ಕೊಟ್ಟರು. ದೀಪಾವಳಿ ಕಳೆದ ಮೇಲೆ ತಪಾಸಣೆಗೆ ಸಾಹೇಬರು ಬರುತ್ತಾರೆ. ಅಷ್ಟರೊಳಗೆ ಕಂಪ್ಯೂಟರು ಓಡಿದರೆ ರೂಮು ಮೇಡಂಗೆ, ಓಡದಿದ್ದರೆ ರೂಮು ಅಕ್ಕಿಗೆ, ಕಂಪ್ಯೂಟರು ಗುಜರಿಗೆ.

ನನಗೆ ಆ ರೂಮು ಬೇಕೇ ಬೇಕಿತ್ತು. ಮಂಡ್ಯದಲ್ಲಿ ನಮ್ಮ ಬೀದಿಯ ಮಕ್ಕಳೆಲ್ಲಾ ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದವು. ಇಲ್ಲಿನ ಮಕ್ಕಳು ಕಿಟಕಿ ಸರಳಿಗೆ ಮೂಗು ಒತ್ತಿಕೊಂಡು ಆ ಕರೀ ಪರದೆಯನ್ನೇ ನೋಡುತ್ತಾ ನಿಂತಿರೋವು. ಮಂಡ್ಯದ ಅಂಗಡಿಯವನೊಬ್ಬ ಕಂಪ್ಯೂಟರ್ ಓಡಿಸೋ ಸಾಫ್ಟ್‌ವೇರಿನ ಕಳ್ಳ ಕಾಪಿ ಹಾಕಿಕೊಡ್ತೀನಿ ಅಂದ. ಹೆಡ್‌ಮಾಸ್ಟರು ಕೈ ಮುಗಿದು, “ಬ್ಯಾಡಿ ಮೇಡಂ, ನನಗೆ ಪೆನ್ಷನ್ ಬೇಕು,” ಅಂದರು.

ಅವರಪ್ಪ ಏನಂದ?

ಕೊನೆಗೆ ನನ್ನ ಪರಿಚಯದ ಕಾಲೇಜು ಲೆಕ್ಚರರೊಬ್ಬರು ಒಂದು ಕಟ್ಟು ಸಿ.ಡಿ. ಕೊಟ್ಟರು. ಪರದೇಶದಿಂದ ಅಂಚೆಯಲ್ಲಿ ಪುಕ್ಕಟೆ ಬಂದವು. ಪ್ರತಿ ಸಿ.ಡಿ.ಯ ಮೇಲೂ ಹೊಟ್ಟೆ ಬಿಟ್ಟುಕೊಂಡು ಕೂತ ಒಂದು ಪೆಂಗ್ವಿನ್ ಚಿತ್ರ. ಅದೂ ಕಂಪ್ಯೂಟರ್ ಓಡಿಸೋ ಸಾಫ್ಟ್‌ವೇರೇ, ಹೆಸರು ಲಿನಕ್ಸು. ಎಷ್ಟು ಮಿಷನ್ನಿಗೆ ಬೇಕಾದರೂ ಹಾಕಬಹುದು, ಯಾರಿಗೆ ಬೇಕಾದರೂ ಹಂಚಬಹುದು, ಕಾನೂನಿನ ತಂಟೆಯಿಲ್ಲ ಅಂದರು.

ಪುಕ್ಕಟೆ ಅಂದ ಕೂಡಲೇ ಹೆಡ್‌ಮಾಸ್ಟರು ಸಿ.ಡಿ.ಯನ್ನು ಬಿಸಿ ತಟ್ಟೆಯ ಹಾಗೆ ಮೇಜಿನ ಮೇಲೆ ಇಟ್ಟುಬಿಟ್ಟರು. ಯಾಕೆ ಕೊಟ್ಟರು, ಯಾರು ಮಾಡಿದರು, ಎಲ್ಲಾ ಹೇಳಿ ಅಂದರು. ಲೆಕ್ಚರರ ಹತ್ತಿರ ಕೇಳಿಕೊಂಡಿದ್ದ ಚರಿತ್ರೆಯನ್ನು ಒಪ್ಪಿಸಿದೆ.

ಅಮೆರಿಕದಲ್ಲಿ ಒಬ್ಬನಿಗೆ ಆಫೀಸಿನ ಪ್ರಿಂಟರು ಕೈಕೊಟ್ಟಿತಂತೆ. ತಾನೇ ಸರಿಮಾಡಿಕೊಳ್ಳೋಣ ಅಂದರೆ ಅದನ್ನು ಓಡಿಸೋ ಪ್ರೋಗ್ರಾಮಿನ ಗುಟ್ಟು ಯಾರೂ ಬಿಟ್ಟುಕೊಡಲಿಲ್ಲವಂತೆ. ಸಿಟ್ಟು ಬಂದು, ಕಂಪ್ಯೂಟರಿನ ಗುಟ್ಟು ಎಲ್ಲರಿಗೂ ಬಿಚ್ಚಿಟ್ಟಿರಬೇಕು ಅಂತ ಹಟಕ್ಕೆ ಬಿದ್ದು, ಜೊತೆಗಾರರನ್ನು ಕೂಡಿಸಿಕೊಂಡು ಒಂದೊಂದೇ ಭಾಗ ಬರೆದು ಹಂಚತೊಡಗಿದ. ನಟ್ಟನಡುವಿನ ಭಾಗವೊಂದು ಬಾಕಿ ಉಳಿದಿತ್ತು. ಆ ಹೊತ್ತಿಗೆ ಹಿಮ ಬೀಳೋ ದೇಶದ ಒಬ್ಬ ಕಾಲೇಜು ಹುಡುಗ ಮನೆಯಲ್ಲಿ ಕೂತು, ಸುಮ್ಮನೆ ಹವ್ಯಾಸಕ್ಕೆ ಅಂತ ಅದನ್ನು ಬರೆದ. ಬರೆದು, ಬೇಕಾದವರು ತಗೊಳ್ಳಿ, ತಪ್ಪಿದ್ದರೆ ತಿಳಿಸಿ ಅಂತ ಇಂಟರ್ನೆಟ್ಟಿನಲ್ಲಿ ಇಟ್ಟುಬಿಟ್ಟ. ಲೋಕದ ಮೂಲೆಮೂಲೆಯವರು ತಗೊಂಡರು, ತಿದ್ದಿದರು, ತಮ್ಮದೊಂದಿಷ್ಟು ಸೇರಿಸಿ ಹಿಂದಕ್ಕೆ ಕೊಟ್ಟರು. ಈಗ ಆರು ತಿಂಗಳಿಗೊಂದು ಹೊಸ ವರ್ಷನ್ನು ಬರುತ್ತದೆ.

ಅಡುಗೆಯಮ್ಮ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ವರ್ಷನ್ನು ಅಂದರೇನು ಅಂತ ಕೇಳಿದಳು. ತಗೊಂಡವರು ಹಾಗೇ ಇಟ್ಟುಕೊಳ್ಳದೆ, ಏನಾದರೂ ಕೂಡಿಸಿ ಹಿಂದಕ್ಕೆ ಕೊಟ್ಟಾಗ ಮೊದಲಿನದಕ್ಕಿಂತ ಚೆನ್ನಾಗಿ ಬರುತ್ತಲ್ಲ, ಅದು ಅಂದೆ. ಅವಳಿಗೆ ಅದರಲ್ಲಿ ಅತಿಶಯ ಕಾಣಲಿಲ್ಲ.

“ಮತ್ತಿನ್ನೇನ್ ಮಾಡ್ತಾರೆ? ಸಾರು ಕೊಟ್ಟೋರ ಮನೆಗೆ ಬರೀ ಬೋಸಿ ವಾಪಸ್ ಕೊಡ್ತಾರಾ?” ಅಂದಳು.

ನಾನು ಲೆಕ್ಚರರ ಹತ್ತಿರ ಕೇಳಿ ಅರ್ಥ ಮಾಡಿಕೊಂಡದ್ದು ಇಷ್ಟೇ ತಾನೇ ಅನ್ನಿಸಿತು. ನಮ್ಮ ಕಡೆ ಪಕ್ಕದ ಮನೆಯ ಪಾತ್ರೆ ಖಾಲಿ ಹಿಂತಿರುಗಿಸೋದು ಮಹಾ ಅಪರಾಧ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಉತ್ಸಾಹ ಬಂದು ಪೆಂಗ್ವಿನ್ನಿನ ಕತೆಯನ್ನೂ ಹೇಳಿದೆ. ಆ ಹುಡುಗನನ್ನು ಯಾವುದೋ ಮೃಗಾಲಯದಲ್ಲಿ ಒಂದು ಪೆಂಗ್ವಿನ್ ಕುಕ್ಕಿತ್ತಂತೆ, ಅದನ್ನೇ ಗುರುತು ಮಾಡಿಕೊಂಡನಂತೆ. ಕಚ್ಚಿದ್ದನ್ನೇ ಗುರುತು ಮಾಡಿಕೊಳ್ಳೋದಾದರೆ ನಮ್ಮ ಮಂಡ್ಯಕ್ಕೆ ಸೊಳ್ಳೆ ಗುರುತು ಇಡಬೇಕು ಬುಡಿ ಅಂದಳು ಅಡುಗೆಯಮ್ಮ.

ಹೆಡ್‌ಮಾಸ್ಟರು ಮಾತ್ರ ನಗಲಿಲ್ಲ. ಅವರ ಮಗ ಆ ವರ್ಷ ಪಿ.ಯು.ಸಿ.ಯನ್ನು ಕ್ರಿಕೆಟ್ಟಿಗೆ ಧಾರೆ ಎರೆದು ಮನೆಯಲ್ಲಿ ಕೂತಿದ್ದ. ಸಿ.ಡಿ.ಯನ್ನು ಮಗುಚಿ ನೋಡುತ್ತಾ ಕೇಳಿದರು: “ಅದೆಲ್ಲಾ ಸರಿ ಮೇಡಂ. ಓದೋ ವಯಸ್ಸಲ್ಲಿ ಹುಡ್ಗ ಇದನ್ನ ಮಾಡ್ಕಂಡು ಕೂತಿದ್ರೆ ಅವರಪ್ಪ ಸುಮ್ನಿದ್ನಾ?”

ಚಾಚಿದ ಕೈ

ಅಂತೂ ಒಪ್ಪಿಗೆ ಸಿಕ್ಕಿತು. ಲೆಕ್ಚರರು ಒಂದು ಭಾನುವಾರ ಬಂದು ಹಾಕೋದು ಹೇಗೆ ಅಂತ ತೋರಿಸಿಕೊಟ್ಟು ಹೋದರು. ಆಯುಧಪೂಜೆ ಹೊತ್ತಿಗೆ ಮಿಷನ್ನುಗಳೆಲ್ಲಾ ಎದ್ದು ಕೂತಿದ್ದವು. ಪರದೆಯ ಮೇಲೆ ಕನ್ನಡದ ಅಕ್ಷರ ಮೂಡಿದ ದಿನ ಮಕ್ಕಳು ಹೋ ಅಂತ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಪೂಜೆ ಆಗಬೇಕಲ್ಲ. ಶಾಲೆಯಲ್ಲಿ ಯಾವ ಪೂಜೆಯಾದರೂ ಅಡುಗೆಯಮ್ಮನದೇ ಮುಂದಾಳತ್ವ. ರೂಮು ಬೇಕು ಅನ್ನೋ ಜಗಳ ಜಗಳಕ್ಕೆ, ಪೂಜೆ ಪೂಜೆಗೆ. ಒಂದೊಂದಕ್ಕೂ ಅರಿಶಿನ, ಕುಂಕುಮ, ಚೆಂಡುಹೂವು ಇಟ್ಟುಕೊಂಡು ಬಂದಳು. ಯಾರೋ ಹುಡುಗಿ ಗುಂಡಿ ಒತ್ತಿದಳು ಅಂತ ಕಾಣುತ್ತೆ, ಒಂದು ಮಿಷನ್ನಿನಿಂದ ಸಿ.ಡಿ. ಇಡೋ ತಟ್ಟೆ ಸುಯ್ ಅಂತ ಆಚೆಗೆ ಬಂತು. ಅಡುಗೆಯಮ್ಮ ಒಂದು ಹೆಜ್ಜೆ ಹಿಂದೆ ಹೋದಳು. ಕೈ ಮುಗಿದಳು. ನಾನು ಆ ಕಡೆಯಿಂದ “ಬೇಡ, ಬೇಡ” ಅನ್ನೋದರೊಳಗೆ ತಟ್ಟೆಯ ಮೇಲೆ ಒಂದು ಅಚ್ಚು ಬೆಲ್ಲ ಇಟ್ಟು, ಹೂವು ಏರಿಸಿ, ಒಳಕ್ಕೆ ತಳ್ಳಿಬಿಟ್ಟಳು. ಮಿಷನ್ನು ಕಟಕಟ ಅಂದು, ಗುರ್ ಅಂದು, ಸುಮ್ಮನಾಯಿತು.

“ಇದೇನಮ್ಮ ಮಾಡಿದೆ?” ಅಂದೆ.

“ಕೈ ಚಾಚ್ತು ಮಿಸ್ಸೇ. ಹಬ್ಬದ ದಿನ ಬರಿಗೈಲಿ ಕಳ್ಸಕ್ಕಾಯ್ತದಾ?”

ಮಂಡ್ಯದ ಬೆಲ್ಲ, ಒಳಗಿನ ಬಿಸಿಗೆ ಕರಗಿತು. ಆಮೇಲೆ ಒಂದು ವಾರ ಆ ಮಿಷನ್ನಿನಿಂದ ಇರುವೆಗಳು ಸಾಲಾಗಿ ಪ್ರಾರ್ಥನೆಗೆ ಹೊರಟ ಹಾಗೆ ಬರುತ್ತಲೇ ಇದ್ದವು. ತಟ್ಟೆ ಮತ್ತೆ ಆಚೆಗೆ ಬರಲೇ ಇಲ್ಲ. ನಾನು ತಲೆ ಮೇಲೆ ಕೈ ಹೊತ್ತು ಕೂತರೆ ಅಡುಗೆಯಮ್ಮ ಸಮಾಧಾನ ಹೇಳಿದಳು. ಇನ್ನು ಅದು ಕೇಳೋದಿಲ್ಲ, ಹೊಟ್ಟೆ ತುಂಬಿದೆ ಅಂದಳು.

ಯಾವ ಪಾರ್ಟಿ?

ಇನ್ನೂ ಎಷ್ಟೋ ಸಿ.ಡಿ. ಮಿಕ್ಕಿದ್ದವು. ಹಂಚಿಬಿಡಿ, ಹಂಚಿದಷ್ಟೂ ಬೆಳೆಯುತ್ತೆ ಅಂದಿದ್ದರು ಲೆಕ್ಚರರು. ಪೋಷಕರ ಸಭೆಯ ದಿನ ಒಂದನ್ನು ಮಾತ್ರ ಬೀರುವಿನಲ್ಲಿಟ್ಟು, ಮಿಕ್ಕದ್ದನ್ನು ತಂದು ಕೂತೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೂ ನೆಂಟರ ಮನೆಯಲ್ಲಿರಬಹುದು, ತಗೊಂಡು ಹೋಗಿ ಅಂದೆ. ನನ್ನ ಗ್ರಹಚಾರಕ್ಕೆ ಅದೇ ಹೊತ್ತಿಗೆ ಪಂಚಾಯ್ತಿ ಎಲೆಕ್ಷನ್ನು ಕೂಗಿದ್ದರು.

ಮೊದಲು ಒಬ್ಬ ಹಿರಿಯರು ಸಿ.ಡಿ.ಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಯಾವ ಪಾರ್ಟಿಯಿಂದ ನಿಂತಿದ್ದೀರಿ ಅಂತ ಕೇಳಿದರು. ನಿಂತಿಲ್ಲ ಅಂದೆ. ನಿಲ್ಲದೆ ಯಾರಾದರೂ ಪುಕ್ಸಟ್ಟೆ ಹಂಚುತ್ತಾರಾ ಅಂದರು. ನಾನು ಅಮೆರಿಕದ ಪ್ರಿಂಟರಿನಿಂದ ಮೊದಲುಮಾಡಿ ಹಿಮದ ದೇಶದವರೆಗೂ ಹೇಳಿದೆ. ಎಲ್ಲಾ ತಾಳ್ಮೆಯಿಂದ ಕೇಳಿಸಿಕೊಂಡು, ಗುರುತು ಬಾತುಕೋಳಿಯೋ ಅಂದರು.

ಸಂಜೆಯೊಳಗೆ ಸುದ್ದಿ ಊರೆಲ್ಲಾ ಆಯಿತು. ಮದ್ದೂರು ಬಸ್ಸಿನ ಕಂಡಕ್ಟರು ನನಗೆ ಸೀಟು ಬಿಡಿಸಿಕೊಟ್ಟು, ಗೆದ್ದಮೇಲೆ ನಮ್ಮನ್ನು ಮರೀಬೇಡಿ ಅಂದ. ಮಂಡ್ಯದ ಮಾರ್ಕೆಟ್ಟಿನಲ್ಲಿ ಯಾರೋ ನಮ್ಮ ಯಜಮಾನರ ಕೈ ಕುಲುಕಿದರಂತೆ. ಮನೆಗೆ ಬಂದು, ನನಗೊಂದು ಮಾತು ಹೇಳಬಾರದಿತ್ತಾ ಅಂತ ಮುನಿಸಿಕೊಂಡರು. ಸರ್ಕಾರಿ ನೌಕರಿಯಲ್ಲಿದ್ದು ಎಲೆಕ್ಷನ್ನಿಗೆ ನಿಲ್ಲೋಕಾಗುತ್ತಾ ಅಂತ ಯಾರೊಬ್ಬರಿಗಾದರೂ ಹೊಳೀಬೇಕಲ್ಲ!

ಒಂದು ವಾರ ಬಿಟ್ಟು ಅದೇ ಹಿರಿಯರು ದಾರಿಯಲ್ಲಿ ಸಿಕ್ಕರು. ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು. “ನಮ್ಮನೆ ಓಟೆಲ್ಲಾ ನಿಮಗೇಯ. ಆದ್ರೆ ಮಿಸ್ಸೇ, ಬಾತುಕೋಳಿ ಚಿತ್ರ ಕೊಟ್ರೆ ಸಾಲ್ದು. ಆಚೆ ಕಡೆಯೋರು ನಾಟಿಕೋಳಿನೇ ಕೊಡ್ತಾವ್ರೆ.”

ಹಂಚಿದ ಸಿ.ಡಿ.ಗಳು ಏನಾದವು ಅಂತ ರಾಗಿ ತೆನೆ ಕಟ್ಟಿದ ಮೇಲೆ ಗೊತ್ತಾಯಿತು. ಬಸ್ಸಿಳಿದು ಸ್ಕೂಲಿಗೆ ನಡೆದು ಹೋಗುತ್ತಿದ್ದೆ. ಎರಡೂ ಕಡೆ ಹೊಲದಲ್ಲಿ ಏನೋ ಪಳಪಳ. ನೋಡಿದರೆ ಕಡ್ಡಿ ನೆಟ್ಟು, ದಾರ ಕಟ್ಟಿ ನೇತುಹಾಕಿದ ನನ್ನ ಸಿ.ಡಿ.ಗಳು, ಗಾಳಿಗೆ ಗಿರ್ ಅಂತ ಸುತ್ತುತ್ತಿವೆ. ಪೆಂಗ್ವಿನ್ನು ಒಂದು ಸಲ ಕಾಣುತ್ತೆ, ಬಿಸಿಲು ಒಂದು ಸಲ ಕಾಣುತ್ತೆ. ಪ್ರಪಂಚದ ಜ್ಞಾನವನ್ನು ಗುಬ್ಬಿ ಓಡಿಸೋಕೆ ಹಾಕಿದ್ದಾರಲ್ಲ ಅಂತ ಕಣ್ಣಲ್ಲಿ ನೀರು ಬಂತು. ಅಡುಗೆಯಮ್ಮನ ಹೊಲದಲ್ಲೂ ಒಂದಿತ್ತು. ಎದುರಿಗೇ ಸಿಕ್ಕಳು. ನನ್ನ ಮುಖ ನೋಡಿ ಮೆಚ್ಚಿಕೊಂಡೆ ಅಂತ ತಿಳಿದಳು. ಒಳ್ಳೇ ಸಾಮಾನು ಕೊಟ್ರಿ ಮಿಸ್ಸೇ, ಒಂದು ಗಿಣಿ ಹತ್ತಿರ ಸುಳಿದಿಲ್ಲ ಅಂದಳು.

ಬೆಕ್ಕಿನ ಪಾಳಿ

ಇಷ್ಟರ ನಡುವೆ ನಮ್ಮ ಲ್ಯಾಬಿಗೆ ಒಂದು ಬೂದು ಬೆಕ್ಕು ಸೇರಿಕೊಂಡಿತು. ಊರಲ್ಲಿ ಬೀದಿ ಬೀದಿ ಅಲೆಯುತ್ತಿದ್ದ ಬೆಕ್ಕು. ಆ ಗೂನು ಪರದೆಗಳ ಬೆನ್ನು ಹದವಾಗಿ ಬಿಸಿಯಾಗುತ್ತಿತ್ತಲ್ಲ, ಚಳಿ ಶುರುವಾದ ಮೇಲೆ ಅದಕ್ಕೆ ಅದೇ ಹಾಸಿಗೆಯಾಯಿತು. ಮಲಗಿದರೆ ಬಾಲ ಪರದೆ ಮೇಲೆ ಇಳಿಬೀಳೋದು. ಬಾಲ ಸರಿಸಿ ಓದಿ ಮಕ್ಕಳೇ ಅಂತ ನಾನು ಪಾಠ ಮಾಡುತ್ತಿದ್ದೆ.

ಒಂದು ಸಂಜೆ ಎಲ್ಲಾ ಆರಿಸಿ ಬೀಗ ಹಾಕೋದಕ್ಕೆ ಹೊರಟೆ. ಬಸ್ಸಿನ ಹೊತ್ತು. ಅಡುಗೆಯಮ್ಮ ಬಾಗಿಲಿಗೆ ಅಡ್ಡ ನಿಂತಳು. ಒಂದು ಪರದೆಯಾದರೂ ಉರಿಯುತ್ತಿರಲಿ ಅಂದಳು. ಯಾವತ್ತು ಈ ರೂಮು ಖಾಲಿಯಾಗುತ್ತೋ ಅಂತ ಕಾಯುತ್ತಿದ್ದವಳು ಇವಳೇನಾ ಅನ್ನಿಸಿ, ಕರೆಂಟು ದಂಡ ಅಲ್ವೇನಮ್ಮ, ಪಾಠ ಮುಗೀತಲ್ಲ ಅಂದೆ.

“ಐಕ್ಳ ಕೆಲ್ಸ ಮುಗೀತು ಮಿಸ್ಸೇ. ಬೆಕ್ಕಿನ ಕೆಲ್ಸ ಇನ್ಮೇಲೆ ಸುರು,” ಅಂದಳು.

ತಪಾಸಣೆ

ದೀಪಾವಳಿ ಕಳೆಯಿತು. ಸಾಹೇಬರು ಬರೋ ಹಿಂದಿನ ದಿನ ಮಧ್ಯಾಹ್ನ ಅಕಾಲದಲ್ಲಿ ಗುಡುಗು, ಸಿಡಿಲು. ಕರೆಂಟು ಏರಿತು, ಇಳಿಯಿತು, ಹೋಯಿತು. ಬೆಳಿಗ್ಗೆ ಬಂದು ಆನ್ ಮಾಡಿದರೆ ಎಲ್ಲದರಲ್ಲೂ ಮೊದಲಿನ ಕರೀ ಪರದೆ, ಮೂಲೆಯಲ್ಲಿ ಮಿಣಕ್ ಮಿಣಕ್. ಹಾಕಿದ್ದ ಲಿನಕ್ಸೆಲ್ಲಾ ಕೆಟ್ಟುಹೋಗಿತ್ತು.

ನಾನು ಹೆದರಲಿಲ್ಲ. ಬೀರುವಿನಲ್ಲಿ ಒಂದು ಸಿ.ಡಿ. ಇತ್ತಲ್ಲ. ಅದನ್ನು ಮಿಷನ್ನಿನೊಳಕ್ಕೆ ಪೂರಾ ಇಳಿಸಬೇಕು ಅಂತಲೂ ಇರಲಿಲ್ಲ, ತಟ್ಟೆಯಲ್ಲಿಟ್ಟರೆ ಅಲ್ಲಿಂದಲೇ ಓಡುತ್ತಿತ್ತು. ಡಬ್ಬಿ ತೆಗೆದು ಬಿಚ್ಚಿದೆ. ಒಳಗೆ ಸಿ.ಡಿ. ಇತ್ತು. ಅದರ ಮೇಲೆ ಪೆಂಗ್ವಿನ್ ಇರಲಿಲ್ಲ. ಬಂಗಾರದ ಅಕ್ಷರದಲ್ಲಿ ‘ಗೃಹಪ್ರವೇಶ’ ಅಂತ ಬರೆದು ಎರಡು ತೆಂಗಿನಕಾಯಿ ಚಿತ್ರ ಹಾಕಿದ್ದರು.

ಹೆಡ್‌ಮಾಸ್ಟರ ಮುಖ ಬಿಳಿಚಿಕೊಂಡಿತು. ಹೋದ ವಾರ ಆ ಡಬ್ಬಿಯನ್ನು ಮಳವಳ್ಳಿಯ ತಮ್ಮ ಭಾವಮೈದನಿಗೆ ಅಂತ ತಗೊಂಡು ಹೋಗಿ, ಜೋಪಾನವಾಗಿ ವಾಪಸ್ ತಂದಿಟ್ಟಿದ್ದರು. ಫೋನು ಹಚ್ಚಿದರು. ಆ ಕಡೆಯ ಮಾತು ನಮಗೂ ಕೇಳುವಷ್ಟು ಜೋರಾಗಿತ್ತು.

“ನಿಮ್ ಸಿ.ಡಿ. ನಮ್ ಮಿಷನ್ನಲ್ಲೇ ಅದೆ ಭಾವ. ಬರೀ ಡಬ್ಬಿ ಕೊಟ್ಟು ಕಳ್ಸಬಾರ್ದಲ್ಲ ಅಂತ ನಮ್ಮನೆ ಗೃಹಪ್ರವೇಶದ್ದು ಹಾಕಿದ್ದೆ. ನೋಡಿದ್ರಾ? ಊಟದ ಪಂಕ್ತಿ ಚೆನ್ನಾಗಿ ಬಂದದೆ.”

ಮಳವಳ್ಳಿಗೆ ಹೋಗಿ ಬರೋದಕ್ಕೆ ಹೊತ್ತಿಲ್ಲ. ಲೆಕ್ಚರರು ಮಂಡ್ಯದಲ್ಲಿ ಪರೀಕ್ಷೆ ಕೋಣೆಯೊಳಗೆ. ಸಾಹೇಬರ ಜೀಪು ಮದ್ದೂರು ಬಿಟ್ಟಿದೆ ಅಂತ ಸುದ್ದಿ ಬಂತು. ನಾನು ಬೆಂಚಿನ ಮೇಲೆ ಕುಸಿದು ಕೂತೆ. ಇಷ್ಟು ತಿಂಗಳ ಒದ್ದಾಟ, ಆ ಮಕ್ಕಳ ಕೂಗು, ಎಲ್ಲಾ ಗುಜರಿಗೆ ಹೋಯಿತಲ್ಲ ಅಂತ ಅಳುವೇ ಬಂದುಬಿಟ್ಟಿತು. ಮರೆಮಾಚಲಿಲ್ಲ, ಅತ್ತೆ.

ಅಡುಗೆಯಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸುಮ್ಮನಿದ್ದಿದ್ದರೆ ಸಾಯಂಕಾಲಕ್ಕೆ ರೂಮು ಅವಳದು. ಆಗ ಬೆಕ್ಕು ಬಂತು. ತನ್ನ ಪರದೆ ಮೇಲೆ ಹಾರಿ ಕೂತಿತು. ತಣ್ಣಗಿತ್ತು. ಎದ್ದು ಪಕ್ಕದ್ದಕ್ಕೆ ಹೋಯಿತು, ಅದೂ ತಣ್ಣಗಿತ್ತು. ನಮ್ಮನ್ನೆಲ್ಲಾ ಒಂದು ಸಲ ದುರುಗುಟ್ಟಿ ನೋಡಿ, ಇಳಿದು, ಕಾಂಪೌಂಡು ಹಾರಿ ಊರ ಕಡೆ ಹೊರಟುಹೋಯಿತು.

“ಅಯ್ಯಯ್ಯೋ, ಬೆಕ್ಕು ಒಂಟೋಯ್ತಲ್ಲ,” ಅಂದವಳೇ ಅಡುಗೆಯಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಓಡಿದಳು. ಬೆಕ್ಕಿನ ಹಿಂದೆ ಓಡಿದಳು ಅಂತ ನಾವು ತಿಳಿದೆವು. ಓಡಿದ್ದು ತನ್ನ ರಾಗಿ ಹೊಲಕ್ಕೆ. ಏದುಸಿರು ಬಿಡುತ್ತಾ ಬಂದಾಗ ಕೈಯಲ್ಲಿ ದಾರ ಸಮೇತ ಒಂದು ಸಿ.ಡಿ. ಮಂಜು, ಧೂಳು, ಮೇಲೊಂದು ಕಾಗೆ ಪಿಕ್ಕೆ. ಸೀದಾ ಪಾತ್ರೆ ತೊಳೆಯೋ ಜಾಗಕ್ಕೆ ಹೋಗಿ ಬೂದಿ, ತೆಂಗಿನ ನಾರು ತಗೊಂಡಳು. ನಾನು ಹಾರಿ ಹೋಗಿ ಕಿತ್ತುಕೊಂಡೆ; ಉಜ್ಜಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ನೀರಲ್ಲಿ ಅದ್ದಿ ಸೆರಗಿನಲ್ಲಿ ಮೆತ್ತಗೆ ಒರೆಸಿದೆ.

ಅವಳದು ಒಂದೇ ಷರತ್ತು. ಕಟ್ಟಿದ ದಾರ ಬರಿದಾಗಿರಬಾರದು, ಗಿಣಿಗಳು ನೋಡುತ್ತಾ ಕೂತಿವೆ, ಇನ್ನೊಂದು ಸಿ.ಡಿ. ಬೇಕು. ಹೆಡ್‌ಮಾಸ್ಟರು ಎರಡು ಮಾತಾಡದೆ ಭಾವಮೈದನ ಗೃಹಪ್ರವೇಶವನ್ನು ಅವಳ ಕೈಗಿಟ್ಟರು.

ಸಿ.ಡಿ. ಒಳಗೆ ಹೋಯಿತು. ಕಿರ್ ಅಂತು, ತಡವರಿಸಿತು, ನಿಂತಿತು. ನಾನು ಮನೆದೇವರಿಗೆ ಹರಸಿಕೊಂಡೆ. ಮತ್ತೆ ಕಿರ್ ಅಂತು. ಪರದೆ ಬೆಳಗಿತು, ಕನ್ನಡ ಮೂಡಿತು. ಆ ಹೊತ್ತಿಗೆ ಜೀಪಿನ ಸದ್ದು.

ಸಾಹೇಬರು ಗಂಭೀರ ಮನುಷ್ಯ. ಓಡುತ್ತಿದ್ದ ಆ ಒಂದೇ ಒಂದು ಮಿಷನ್ನಿನ ಮುಂದೆ ನಿಂತರು. ಮಿಕ್ಕಿದ್ದು ಯಾಕೆ ಆರಿಸಿದ್ದೀರಿ ಅಂತ ಕೇಳಿದರು. ಕರೆಂಟು ಉಳಿತಾಯ ಸಾರ್ ಅಂದರು ಹೆಡ್‌ಮಾಸ್ಟರು. ಜನ್ಮದಲ್ಲಿ ಅವರು ಹೇಳಿದ ಒಂದೇ ಸುಳ್ಳು ಅದು ಅಂತ ನನ್ನ ನಂಬಿಕೆ. ಲಿನಕ್ಸಿಗೆ ರಸೀದಿ ಎಲ್ಲಿ ಅಂದರು ಸಾಹೇಬರು. ಇಲ್ಲ, ಪುಕ್ಕಟೆ ಅಂದೆ. ಪುಕ್ಕಟೆ ಕೊಟ್ಟವರಿಗೆ ಏನು ಲಾಭ, ಇದರಿಂದ ಸ್ಕೂಲಿಗೆ ಏನು ಪ್ರಯೋಜನ ಅಂದರು. ನಾನು ಪ್ರಿಂಟರಿನಿಂದ ಶುರುಮಾಡಿದೆ. ಜ್ಞಾನ ಅನ್ನೋದು ಯಾರಪ್ಪನ ಆಸ್ತಿಯೂ ಅಲ್ಲ ಅನ್ನೋವರೆಗೆ ಬಂದಿದ್ದೆ, ಸಾಹೇಬರು ಆಕಳಿಸಿದರು. ಕಾಫಿ ಲೋಟ ಹಿಡಿದು ನಿಂತಿದ್ದ ಅಡುಗೆಯಮ್ಮನ ಕಡೆ ತಿರುಗಿ, ನೀವು ಹೇಳಿ, ಇದರಿಂದ ಏನಾದರೂ ಉಪಯೋಗ ಆಗಿದೆಯಾ ಅಂತ ಕೇಳಿದರು.

“ಇಲಿ ಕಾಟ ತಪ್ತು ಸಾಮಿ,” ಅಂದಳು.

ಸಾಹೇಬರು ಸೀದಾ ಅಡುಗೆಮನೆಗೆ ಹೋದರು. ಒಂದೊಂದೇ ಅಕ್ಕಿ ಮೂಟೆ ತಿರುಗಿಸಿ ತಿರುಗಿಸಿ ನೋಡಿದರು. ಒಂದರಲ್ಲೂ ತೂತಿಲ್ಲ. ತಾಲ್ಲೂಕಿನ ಸ್ಕೂಲುಗಳನ್ನೆಲ್ಲಾ ಸುತ್ತಿದ್ದೇನೆ, ಇಲಿ ಅಂತ ಅಳದವರು ನೀವೊಬ್ಬರೇ ಅಂದು, ಲ್ಯಾಬು ಇದ್ದಲ್ಲೇ ಇರಲಿ ಅಂತ ಬರೆದು ಹೋದರು. ಬೆಕ್ಕಿನ ವಿಷಯ ಕೇಳಲಿಲ್ಲ, ನಾವೂ ಹೇಳಲಿಲ್ಲ. ಪರದೆ ಬಿಸಿಯಾಗುತ್ತಲೇ ಬೆಕ್ಕೂ ವಾಪಸ್ ಬಂತು. ಆ ಸಿ.ಡಿ.ಯಿಂದಲೇ, ಬೆಲ್ಲ ತಿಂದದ್ದೊಂದನ್ನು ಬಿಟ್ಟು, ಮಿಕ್ಕ ಮಿಷನ್ನುಗಳನ್ನೂ ಒಂದೊಂದಾಗಿ ಎಬ್ಬಿಸಿದೆ. ಮುಂದೆ ಎಷ್ಟೋ ವರ್ಷ ಆ ರೂಮಿನಲ್ಲಿ ಮಕ್ಕಳು ಕಲಿತವು. ಬಿಸಿ ಪರದೆಯ ವಾಸನೆಗೆ ಪಕ್ಕದಿಂದ ಹುರುಳಿಕಾಳು ಸಾರಿನ ಒಗ್ಗರಣೆ ಬೆರೆತು ಬರೋದು. ಈಗಲೂ ಯಾರ ಮನೆಯಲ್ಲಾದರೂ ಆ ಒಗ್ಗರಣೆ ಹಾಕಿದರೆ ನನಗೆ ಕಂಪ್ಯೂಟರೇ ನೆನಪಾಗುತ್ತದೆ.

ಹೊಸ ವರ್ಷನ್ನು

ಸಾಹೇಬರು ಹೋದ ಕಡೆಯೆಲ್ಲಾ ಹೇಳಿರಬೇಕು. ಒಂದು ದಿನ ದುದ್ದದ ಕಡೆಯ ಹಳ್ಳಿಯೊಂದರಿಂದ ಒಬ್ಬರು ಹೆಡ್‌ಮಾಸ್ಟರು ನಮ್ಮ ಸ್ಕೂಲಿಗೇ ಬಂದರು. ಕುಶಲ ಆಯಿತು, ನೀರು ಕುಡಿದರು. ಆಮೇಲೆ, “ಆ ಇಲಿ ಓಡ್ಸೋ ಸಿ.ಡಿ. ನಮಗೂ ಒಂದು ಕೊಡಿ ಮೇಡಂ, ಪುಕ್ಸಟ್ಟೆಯಂತಲ್ಲ,” ಅಂದರು.

ಇಲಿ ಓಡಿಸಿದ್ದು ಸಿ.ಡಿ. ಅಲ್ಲ, ಬೆಕ್ಕು ಅಂತ ನಾನು ಬಿಡಿಸಿ ಹೇಳಿದೆ. ಅವರಿಗೆ ಬೇಜಾರಾಯಿತು. ಗುಟ್ಟು ಬಿಚ್ಚಿಡೋದೇ ಇದರ ಧರ್ಮ ಅಂತ ಸಾಹೇಬರ ಮುಂದೆ ಅಷ್ಟುದ್ದ ಭಾಷಣ ಮಾಡಿದಿರಂತೆ, ನಮ್ಮ ಹತ್ತಿರ ಮಾತ್ರ ಮುಚ್ಚಿಡ್ತೀರಲ್ಲ ಅಂದರು. ಇನ್ನೇನು ಮಾಡಲಿ, ಒಂದು ಕಾಪಿ ಮಾಡಿ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಜೊತೆಗೆ ಒಂದು ಬೆಕ್ಕೂ ಇಟ್ಟುಕೊಳ್ಳಿ ಸಾರ್ ಅಂತ ಕೂಗಿ ಹೇಳಿದೆ. ಅವರು ಆಗಲೇ ಬೈಕು ಏರಿದ್ದರು.

ಮುಂದಿನ ದೀಪಾವಳಿ ಹೊತ್ತಿಗೆ ಪುಣ್ಯಾತ್ಮರು ಮತ್ತೆ ಬಂದರು. ಬೈಕಿನ ಹಿಂದೆ ಬಟ್ಟೆ ಮುಚ್ಚಿದ ಒಂದು ಮಂಕರಿ ಕಟ್ಟಿಕೊಂಡಿದ್ದರು. ಸಿ.ಡಿ. ಬಲು ಚೆನ್ನಾಗಿ ಕೆಲಸ ಮಾಡಿತು, ಮಕ್ಕಳು ಕಲಿತವು, ಇಲಿಯೂ ಹೋದವು ಅಂತ ಕೈ ಮುಗಿದರು. ಡಬ್ಬಿ ವಾಪಸ್ ಕೊಡೋಣ ಅಂತ ಬಂದೆ, ಖಾಲಿ ಕೊಡಬಾರದಲ್ಲ ಅಂದರು. ಮಂಕರಿಯನ್ನು ಮೇಜಿನ ಮೇಲಿಟ್ಟರು.

ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಬಂದು ಬಟ್ಟೆ ಸರಿಸಿದಳು. ಒಳಗೆ ನಮ್ಮ ಸಿ.ಡಿ. ಡಬ್ಬಿ. ಡಬ್ಬಿಯ ಮೇಲೆ ಮುದುರಿಕೊಂಡು ಮಲಗಿದ್ದ ಒಂದು ಬೆಕ್ಕಿನ ಮರಿ. ಅದು ಕಣ್ಣು ಬಿಟ್ಟು, ಬಾಯಿ ತೆರೆದು, ಮಿಯಾಂವ್ ಅಂತು.

ಅಡುಗೆಯಮ್ಮ ಅದನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದಳು.

“ನೋಡಿ ಮಿಸ್ಸೇ, ಒಸಾ ವರ್ಷನ್ನು ಬಂದದೆ.”